ಮೂರನೆಯ ಕಿಟಕಿಯ ಬಿಲ್ಲಮ್ಮನವರು: ಬಡ ಹಿರಿಯರ ದೀಪಕ್ಕಾಗಿ ಒಂದು ಸೇವಾವಧಿ

ವಿದ್ಯುತ್ ಸರಬರಾಜಿನ ಚರಿತ್ರೆಯನ್ನು ಬರೆದವರು ಅಣೆಕಟ್ಟು ಕಟ್ಟಿದವರನ್ನು ನೆನೆದಿದ್ದಾರೆ, ಬೆಟ್ಟ ಹತ್ತಿ ತಂತಿ ಎಳೆದವರನ್ನು ನೆನೆದಿದ್ದಾರೆ, ಮೊದಲ ದೀಪದ ಗುಂಡಿ ಒತ್ತಿದ ಮುಖ್ಯ ಅತಿಥಿಗಳ ಭಾವಚಿತ್ರಗಳನ್ನಂತೂ ಪುಟಗಟ್ಟಲೆ ಅಚ್ಚು ಹಾಕಿಸಿದ್ದಾರೆ. ಆದರೆ ಆ ದೀಪದ ಬಿಲ್ಲನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಬರೆದಿರುವುದೇನೆಂದು ತಿಳಿಯದೆ, ಕೇಳಲು ಸಂಕೋಚಪಟ್ಟು ಕಚೇರಿಯ ಮೆಟ್ಟಿಲ ಬಳಿಯೇ ನಿಂತುಬಿಟ್ಟ ಹಿರಿಯ ಜೀವಗಳನ್ನು ಒಳಗೆ ಕರೆದು ಕೂರಿಸಿದವರು ಯಾರು ಎಂಬ ಪ್ರಶ್ನೆಯನ್ನು ಯಾವ ಚರಿತ್ರೆಕಾರನೂ ಎತ್ತಿಲ್ಲ. ನಮ್ಮ ಇಲಾಖೆಯ ಮಟ್ಟಿಗೆ ಆ ಪ್ರಶ್ನೆಗೆ ಒಂದೇ ಉತ್ತರವಿದೆ. ಈ ತಿಂಗಳ ಕೊನೆಯ ದಿನ ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ನಿವೃತ್ತರಾಗುತ್ತಿರುವ ಹಿರಿಯ ಗುಮಾಸ್ತೆ, ಊರಿನ ಅರ್ಧಕ್ಕರ್ಧ ಅಜ್ಜ ಅಜ್ಜಿಯರ ಬಾಯಲ್ಲಿ 'ಬಿಲ್ಲಮ್ಮ' ಆಗಿರುವ, ಮೂರನೆಯ ಕಿಟಕಿಯ ನಮ್ಮ ಬಿಲ್ಲಮ್ಮನವರು.

ಅಭಿನಂದನ ಗ್ರಂಥದಲ್ಲಿ ಸಿಹಿ ಮಾತನ್ನಷ್ಟೇ ಬರೆಯಬೇಕೆಂದು ಸಂಪಾದಕ ಮಂಡಳಿಯ ಹಿರಿಯರೊಬ್ಬರು ಮೆಲ್ಲಗೆ ಸೂಚಿಸಿದರು. ಅವರ ಮಾತನ್ನು ಗೌರವಿಸಿ ಹಾಗೆ ಬರೆಯಲು ಕೂತದ್ದೂ ಉಂಟು. ಎರಡು ಪುಟ ಬರೆದು ಹರಿದು ಹಾಕಿದ್ದಾಯಿತು. ಸೇವೆಯ ಹತ್ತೊಂಬತ್ತನೆಯ ವರ್ಷದಲ್ಲಿ ಹಿರಿಯ ಗುಮಾಸ್ತೆಯಾದವರು ಮೂವತ್ತನಾಲ್ಕನೆಯ ವರ್ಷದಲ್ಲೂ ಹಿರಿಯ ಗುಮಾಸ್ತೆಯಾಗಿಯೇ ಮನೆಗೆ ಹೋಗುತ್ತಿದ್ದಾರೆ. ಇದರ ಮೇಲೆ ಸಕ್ಕರೆ ಸವರಿ ಬರೆಯುವುದು ಅವರಿಗೆ ಮಾಡುವ ಎರಡನೆಯ ಅನ್ಯಾಯ. ಮೊದಲನೆಯದನ್ನು ನಾವು ಆಗಲೇ ಮಾಡಿ ಮುಗಿಸಿದ್ದೇವೆ.

ಬಿಲ್ಲಮ್ಮನವರ ತಂದೆ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ಅಕ್ಷರವನ್ನು ತಿರುವುಮುರುವಾಗಿ ಓದುವುದನ್ನು ಮಗಳಿಗೆ ಆಟದಂತೆ ಕಲಿಸಿದ ಆ ಮನುಷ್ಯ, ಓದಿದವನಿಗೆ ಅರ್ಥವಾಗದ ವಾಕ್ಯ ಕಂಡರೆ ಊಟದ ತಟ್ಟೆ ಮುಂದಿದ್ದರೂ ಕೈ ತೊಳೆದು ಏಳುತ್ತಿದ್ದರಂತೆ. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಬೆರಳಚ್ಚು ಪರೀಕ್ಷೆ ಗೆದ್ದು ಮಗಳು ಇಲಾಖೆ ಸೇರಿದಾಗ ಅವಳಿಗೆ ಸಿಕ್ಕ ಮೊದಲ ಕೆಲಸ, ದಿನಕ್ಕೆ ಎಂಬತ್ತರಂತೆ ಸಂಪರ್ಕ ಕಡಿತದ ನೋಟೀಸುಗಳನ್ನು ಬೆರಳಚ್ಚು ಮಾಡುವುದು. 'ಸದರಿ ಗ್ರಾಹಕರು ಮೇಲ್ಕಾಣಿಸಿದ ಬಾಕಿಯನ್ನು ಈ ತಿಳುವಳಿಕೆ ಪತ್ರ ಜಾರಿಯಾದ ಏಳು ದಿವಸಗಳೊಳಗಾಗಿ ಸಂದಾಯ ಮಾಡತಕ್ಕದ್ದು, ತಪ್ಪಿದಲ್ಲಿ ಯಾವುದೇ ಮುನ್ಸೂಚನೆ ಇಲ್ಲದೆ' ಎಂದು ಶುರುವಾಗಿ ಉಸಿರು ಕಟ್ಟಿಸುವ ಆ ವಾಕ್ಯವನ್ನು ನಾಲ್ಕು ವರ್ಷ ಅವರ ಬೆರಳುಗಳು ಬಡಿದವು. ಪ್ರತಿ ಹಾಳೆಯ ಕೆಳಗೆ, ಬೆರಳಚ್ಚು ಮಾಡಿದವರ ಗುರುತಾಗಿ, ಅವರ ಹೆಸರಿನ ಎರಡಕ್ಷರ.

ನಾಲ್ಕನೆಯ ವರ್ಷದ ಒಂದು ಬೆಳಗ್ಗೆ, ಶಾಲೆಯೊಂದರಲ್ಲಿ ಕಾವಲುಗಾರರಾಗಿದ್ದು ನಿವೃತ್ತರಾದ ಒಬ್ಬ ತಾತ ನೋಟೀಸು ಹಿಡಿದುಕೊಂಡು ಬಂದರು. ಯಾವ ಕಿಟಕಿಯಲ್ಲೂ ಅವರ ಮಾತಿಗೆ ಯಾರೂ ಕಿವಿ ಕೊಡಲಿಲ್ಲ. ಕೊನೆಗೆ ಬೆರಳಚ್ಚಿನ ಕೋಣೆಯ ಬಾಗಿಲು ತೆರೆದಿದ್ದು ಕಂಡು ಅಲ್ಲಿಗೇ ಬಂದುಬಿಟ್ಟರು.

"ಇದನ್ನು ಸ್ವಲ್ಪ ಓದಿ ಹೇಳ್ತೀಯಾ ಮಗಳೇ? ಅಕ್ಷರ ಬರುತ್ತೆ ನಂಗೆ. ಆದ್ರೆ ಇದು ಯಾಕೋ ತಲೆಗೆ ಹೋಗ್ತಾ ಇಲ್ಲ."

ಅವರು ಓದಿದರು. ತಾವೇ ಬೆರಳಚ್ಚು ಮಾಡಿದ್ದನ್ನು ಜೀವಮಾನದಲ್ಲಿ ಮೊದಲ ಸಲ ಗಟ್ಟಿಯಾಗಿ ಓದಿದರು. ತಾತ ಕೈ ಕಟ್ಟಿಕೊಂಡು ಪೂರ್ತಿ ಕೇಳಿಸಿಕೊಂಡು, "ಯಾರೋ ಬಹಳ ಸಿಟ್ಟಲ್ಲಿ ಬರೆದ ಹಾಗಿದೆ. ನಾನೇನು ಮಾಡಿದೆ ಅವರಿಗೆ?" ಎಂದರು.

ತಾತನ ಕೋಟಿನ ಜೇಬಿನಲ್ಲಿ ಹಣ ಕಟ್ಟಿದ ರಸೀದಿ ಇತ್ತು. ಕಟ್ಟಿಸಿಕೊಂಡವರು ಸಂಖ್ಯೆಯೊಂದನ್ನು ತಪ್ಪಾಗಿ ಬರೆದುಕೊಂಡು ಇನ್ಯಾರದೋ ಖಾತೆಗೆ ಜಮಾ ಮಾಡಿದ್ದರು. ತಪ್ಪು ಇಲಾಖೆಯದು, ಬೆದರಿಕೆ ತಾತನಿಗೆ. ಹಾಳೆಯ ಕೆಳಗಿದ್ದ ತಮ್ಮ ಎರಡಕ್ಷರದ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಅದನ್ನು ವಾಪಸು ಕೊಟ್ಟದ್ದಾಗಿ ಬಿಲ್ಲಮ್ಮನವರು ಬಹಳ ವರ್ಷಗಳ ನಂತರ, ಚಹಾದ ಹೊತ್ತಿನಲ್ಲಿ, ತಮ್ಮ ಬಗ್ಗೆ ತಾವೇ ನಗುತ್ತ ಹೇಳಿದ್ದುಂಟು. ಅಂದು ಅವರಿಗೆ ನಗು ಬಂದಿರಲಿಲ್ಲ. ಅಂದು ಸಂಜೆಯೇ ನೋಟೀಸನ್ನು ಮನುಷ್ಯರ ಭಾಷೆಯಲ್ಲಿ ತಿದ್ದಿ ಬರೆದು ಮಾರನೆಯ ದಿನ ಅಧಿಕಾರಿಗಳ ಮುಂದಿಟ್ಟರು. 'ಕಟ್ಟಲು ಕಷ್ಟವಾದರೆ ದಯವಿಟ್ಟು ಬಂದು ಹೇಳಿ, ಕಂತು ಮಾಡಿಕೊಡುತ್ತೇವೆ' ಎಂಬ ಸಾಲು ಅದರಲ್ಲಿತ್ತು. ಅಧಿಕಾರಿಗಳು ಕನ್ನಡಕ ಏರಿಸಿ, "ಕಷ್ಟ ಅನ್ನೋ ಪದ ನಮ್ಮ ನಿಯಮಾವಳಿಯಲ್ಲೇ ಇಲ್ವಲ್ಲಮ್ಮ" ಎಂದರು.

ಇರಲಿಲ್ಲ, ನಿಜ. ದಂಡ ಇತ್ತು, ಬಡ್ಡಿ ಇತ್ತು, ಮರುಜೋಡಣೆಯ ಶುಲ್ಕ ಇತ್ತು. ಕಷ್ಟ ಇರಲಿಲ್ಲ. ಅಂದಿನಿಂದ ಬಿಲ್ಲಮ್ಮನವರು ಪ್ರತಿ ಲಕೋಟೆಯೊಳಗೂ ಆ ಸಾಲನ್ನು ಕೈಯಲ್ಲಿ ಬರೆದ ಒಂದು ಚೂರು ಕಾಗದವನ್ನು ಸೇರಿಸಿ ಅಂಟಿಸತೊಡಗಿದರು. ಕಾಗದ ಇಲಾಖೆಯದಲ್ಲ, ಅಪ್ಪನ ಅಚ್ಚುಕೂಟದಲ್ಲಿ ಕತ್ತರಿಸಿ ಉಳಿದ ಅಂಚು.

ಆ ಚೀಟಿ ಓದಿ ಬರುವವರ ಸಂಖ್ಯೆ ಹೆಚ್ಚಿದಾಗ, ಇವರೇ ಕರೆದ ಜನ ಇವರೇ ನೋಡಿಕೊಳ್ಳಲಿ ಎಂಬ ಸಿಡುಕಿನಲ್ಲಿ ಅವರನ್ನು ಮೂರನೆಯ ಕಿಟಕಿಗೆ ಹಾಕಿದರು. ಶಿಕ್ಷೆ ಎಂದು ಕೊಟ್ಟದ್ದನ್ನು ಅವರು ವರ ಎಂದು ಹಿಡಿದುಕೊಂಡರು. ಆ ಕಿಟಕಿಯ ಕಿಂಡಿ ಎಷ್ಟು ತಗ್ಗಿನಲ್ಲಿತ್ತೆಂದರೆ ಹೊರಗೆ ನಿಂತವರು ಸೊಂಟ ಬಗ್ಗಿಸದೆ ಒಳಗಿನವರ ಮುಖ ನೋಡಲು ಆಗುತ್ತಿರಲಿಲ್ಲ. ಎಪ್ಪತ್ತು ದಾಟಿದವರನ್ನು ದಿನವಿಡೀ ಬಗ್ಗಿಸಿ ನಿಲ್ಲಿಸುವ ಆ ಕಿಂಡಿಯನ್ನು ಎತ್ತರಿಸಿ ಎಂದು ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಮನೆಯಿಂದ ಎರಡು ಕುರ್ಚಿ ತಂದು ಹೊರಗಿಟ್ಟರು. ದಾಸ್ತಾನು ಪಟ್ಟಿಯಲ್ಲಿ ಇಲ್ಲದ ಪೀಠೋಪಕರಣ ಕಚೇರಿಯಲ್ಲಿ ಇರಕೂಡದು ಎಂಬ ಆಕ್ಷೇಪಣೆ ಮಾತ್ರ ಮರುದಿನವೇ ಲಿಖಿತವಾಗಿ ಬಂತು. ಬಿಲ್ಲಮ್ಮನವರು ಕುರ್ಚಿಗಳ ಕಾಲಿಗೆ 'ಯಾರೋ ಬಿಟ್ಟುಹೋದ ವಸ್ತು, ವಾರಸುದಾರರು ಬರುವವರೆಗೆ ಇಲ್ಲೇ ಇಡತಕ್ಕದ್ದು' ಎಂದು ಚೀಟಿ ಕಟ್ಟಿದರು. ವಾರಸುದಾರರು ಇಂದಿಗೂ ಬಂದಿಲ್ಲ.

ಅರವತ್ತೈದು ದಾಟಿದ, ಸಣ್ಣ ಪಿಂಚಣಿ ಬಿಟ್ಟು ಬೇರೆ ಆದಾಯವಿಲ್ಲದ ಗ್ರಾಹಕರಿಗೆ ಅರ್ಧ ದರದ ರಿಯಾಯಿತಿ ಆಗಲೇ ಜಾರಿಯಲ್ಲಿತ್ತು. ಆದರೆ ಅದು ಇದೆ ಎಂದು ಯಾರಿಗೂ ಹೇಳಬಾರದೆಂಬ ಹರಕೆ ಹೊತ್ತಂತೆ ಇಲಾಖೆ ನಡೆದುಕೊಳ್ಳುತ್ತಿತ್ತು. ಹೇಗೋ ಕೇಳಿ ತಿಳಿದು ಬಂದವರ ಕೈಗೆ ಹನ್ನೊಂದು ಪುಟದ ಅರ್ಜಿ. ಅದರ ಏಳನೆಯ ಪುಟದಲ್ಲಿ, 'ಅರ್ಜಿದಾರರ ವೃತ್ತಿಯಲ್ಲಿ ಮುಂದಿನ ಐದು ವರ್ಷಗಳ ನಿರೀಕ್ಷಿತ ಬೆಳವಣಿಗೆ' ಎಂಬ ಅಂಕಣ. ಎಂಬತ್ತೆರಡು ವರ್ಷದ ಅಜ್ಜಿಯೊಬ್ಬರು ಅಲ್ಲಿ ಏನು ಬರೆಯಬೇಕೆಂದು ಕೇಳಿದಾಗ, "ಎಂಬತ್ತೇಳು ಅಂತ ಬರೀರಿ ಅಜ್ಜಿ" ಎಂದರು ಬಿಲ್ಲಮ್ಮನವರು. ಆ ಅರ್ಜಿ ಮಂಜೂರೂ ಆಯಿತು. ಅಂದರೆ ಅದನ್ನು ಯಾರೂ ಓದುತ್ತಲೂ ಇರಲಿಲ್ಲ! ಓದದೇ ಇರುವ ಹಾಳೆಗಳಿಗಾಗಿ, ನಡುಗುವ ಬೆರಳುಗಳಿಂದ ಹನ್ನೊಂದು ಪುಟ ತುಂಬಿಸಿಕೊಳ್ಳುತ್ತಿದ್ದೆವು ನಾವು.

ಆ ಕಿಟಕಿಯಲ್ಲಿ ಅವರು ಕೂತ ರೀತಿಯೇ ಬೇರೆ. ಯಾಕೆ ಕಟ್ಟಿಲ್ಲ ಎಂದು ನಾವು ಕೇಳುತ್ತಿದ್ದೆವು. ಮನೆಯಲ್ಲಿ ಏನೇನಿದೆ, ಯಾವಾಗ ಹಚ್ಚುತ್ತೀರಿ, ಚಳಿಗೆ ಏನು ಮಾಡುತ್ತೀರಿ ಎಂದು ಅವರು ಕೇಳುತ್ತಿದ್ದರು. ಕಣ್ಣು ಮಂಜಾದವರಿಗೆ ದಪ್ಪ ಅಕ್ಷರದಲ್ಲಿ ಬಿಲ್ಲಿನ ಸಾರಾಂಶ ಬರೆದುಕೊಡುತ್ತಿದ್ದರು. ಕಿವಿ ಮಂದವಾದವರ ಜೊತೆ ಕೂಗಾಡದೆ ಸ್ಲೇಟಿನ ಮೇಲೆ ಬರೆದು ಮಾತಾಡುತ್ತಿದ್ದರು. ಅವರ ಯಜಮಾನರು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕರು, ಮನೆಯ ಬಿಲ್ಲು ಕಟ್ಟುವ ಜವಾಬ್ದಾರಿ ತಮ್ಮದಲ್ಲ ಎಂದು ಅವರು ನಂಬಿದ್ದರು. ಇವರು ಊರಿನ ಬಿಲ್ಲುಗಳ ನಡುವೆ ತಮ್ಮದನ್ನು ಮರೆತರು. ಹೀಗಾಗಿ ಅವರು ರಜೆಯಲ್ಲಿದ್ದ ಒಂದು ಮಧ್ಯಾಹ್ನ ನಮ್ಮದೇ ಲೈನ್‌ಮನ್ ಏಣಿ ಹೊತ್ತು ಅವರ ಮನೆಗೇ ಹೋಗಿ, ಬಾಗಿಲಲ್ಲಿ ಅವರನ್ನು ಕಂಡು ಬೆವತುಹೋದ.

"ಅಕ್ಕಾ, ಇದು ನಿಮ್ಮನೆ ಅಂತ ಗೊತ್ತಿರಲಿಲ್ಲ ಅಕ್ಕಾ."

"ಯಾರ ಮನೆ ಆದ್ರೇನಪ್ಪ, ಕತ್ತರಿಸು. ಅದಕ್ಕೆ ಮೊದಲು ನೋಟೀಸು ಕೊಟ್ಟಿದ್ದು ತೋರಿಸು ನೋಡೋಣ. ಏಳು ದಿನ ಆಗಿದೆಯಾ?"

ಆಗಿರಲಿಲ್ಲ, ಐದೇ ದಿನ. ಲೈನ್‌ಮನ್ ಅಲ್ಲಿಯೇ ಚಹಾ ಕುಡಿದು, ಬಿಲ್ಲಿನ ಹಣವನ್ನೂ ತಾನೇ ತೆಗೆದುಕೊಂಡು ಬಂದು ಕಟ್ಟಿದ. ಅಂದಿನಿಂದ ಅವನು ಅವರ ಖಾಸಾ ತಮ್ಮನಾದ. ಮುಂದೆ ಅವರಿಗೆ ನಿಜವಾದ ಕಷ್ಟ ಬಂದಾಗ ಇಡೀ ಕಚೇರಿಯಲ್ಲಿ ಅವರ ಪಕ್ಕ ನಿಂತವನು ಅವನೊಬ್ಬನೇ ಎಂಬುದನ್ನು ಈಗಲೇ ಹೇಳಿಬಿಡುವುದು ವಾಸಿ.

ಆ ಕಷ್ಟದ ಕಥೆ ಶುರುವಾಗುವುದು ಅವರ ಸೇವೆಯ ಇಪ್ಪತ್ತೆರಡನೆಯ ವರ್ಷದಲ್ಲಿ, ಎಪ್ಪತ್ತೊಂಬತ್ತು ವರ್ಷದ ಹೊಲಿಗೆಯಜ್ಜಿಯಿಂದ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ನಾಲ್ಕು ಮಹಡಿಯ ಕಟ್ಟಡದ ನೆಲಮಟ್ಟದ ಒಂದೇ ಕೋಣೆಯಲ್ಲಿ ಅವರ ವಾಸ. ದಾದಿಯರ ಸಮವಸ್ತ್ರಗಳನ್ನು ಬಿಗಿ ಮಾಡಿ, ಸಡಿಲ ಮಾಡಿ ಜೀವನ ಸಾಗಿಸಿದವರು. ಅವರ ಹೆಸರು ಬಾಕಿದಾರರ ಪಟ್ಟಿಗೆ ಒಮ್ಮೆಯೂ ಬಂದಿರಲಿಲ್ಲ. ಪಿಂಚಣಿಯ ಮೂರನೆಯ ಒಂದು ಭಾಗವನ್ನು ನುಂಗುತ್ತಿದ್ದ ಬಿಲ್ಲನ್ನು ಗಡುವಿಗೆ ಎರಡು ದಿನ ಮೊದಲೇ ಕಟ್ಟಿ, ರಸೀದಿಗಳನ್ನು ದಾರದಲ್ಲಿ ಪೋಣಿಸಿ ಇಡುತ್ತಿದ್ದವರು. ಅವರು ಬಂದದ್ದು ರಿಯಾಯಿತಿ ಕೇಳಲಿಕ್ಕಲ್ಲ.

"ನನ್ನ ಕರೆಂಟು ತೆಗೆದುಬಿಡಿ ತಾಯಿ" ಎಂದರು.

"ಯಾಕಜ್ಜಿ?"

"ಮೊದಲು ಫ್ರಿಜ್ಜು ಮಾರಿದೆ. ಬಿಲ್ಲು ಇಳೀಲಿಲ್ಲ. ಹೀಟರು ಎತ್ತಿಟ್ಟೆ, ಇಳೀಲಿಲ್ಲ. ರೇಡಿಯೋ ಬಿಟ್ಟೆ. ಇರೋದು ಒಂದು ಬಲ್ಬು, ಅದನ್ನೂ ಹಚ್ಚೋದು ನಿಲ್ಲಿಸಿದೀನಿ, ಬೀದಿ ದೀಪದ ಬೆಳಕು ಕಿಟಕಿಯಿಂದ ಬರುತ್ತೆ. ಆದ್ರೂ ಅಷ್ಟೇ ಬರ್ತಿದೆ. ಇನ್ನು ನಾನು ಏನನ್ನ ಆರಿಸಲಿ, ನೀವೇ ಹೇಳಿ."

ಕಡತ ತೆರೆದರೆ, ಅಜ್ಜಿ ಮೂರು ಸಲ ದೂರು ಕೊಟ್ಟಿದ್ದರು. ಮೂರು ಸಲವೂ ಇಲಾಖೆ ಮೀಟರನ್ನು ಪರೀಕ್ಷಿಸಿ 'ಮೀಟರು ಸರಿಯಾಗಿದೆ' ಎಂದು ಬರೆದು, ಪರೀಕ್ಷೆಯ ಶುಲ್ಕವನ್ನೂ ಅಜ್ಜಿಯ ಬಿಲ್ಲಿಗೇ ಸೇರಿಸಿತ್ತು. ಮೂರನೆಯ ವರದಿಯ ಕೆಳಗೆ, 'ವಯಸ್ಸಾದ ಗ್ರಾಹಕರು, ದೀಪ ಆರಿಸಲು ಮರೆಯುತ್ತಿರಬಹುದು' ಎಂದು ಯಾರೋ ಷರಾ ಬರೆದಿದ್ದರು. ಆ ಷರಾ ಓದಿದಾಗ ಬಿಲ್ಲಮ್ಮನವರ ಕಿವಿ ಕೆಂಪಾದದ್ದು ಪಕ್ಕದ ಕಿಟಕಿಯಲ್ಲಿದ್ದವರಿಗೂ ಕಂಡಿತು.

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಅವರು ಲೈನ್‌ಮನ್ ತಮ್ಮನನ್ನು ಕರೆದುಕೊಂಡು ಅಜ್ಜಿಯ ಮನೆಗೆ ಹೋದರು. ಕೋಣೆಯ ಮುಖ್ಯ ಸ್ವಿಚ್ಚನ್ನು ಅಜ್ಜಿಯ ಕೈಯಿಂದಲೇ ಆರಿಸಿದರು. ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿ ಅಜ್ಜಿಯ ಮೀಟರು. ಒಳಗೆ ಏನೂ ಉರಿಯದಿದ್ದರೆ ಅದರ ತಿರುಗುವ ತಟ್ಟೆ ನಿಂತಿರಬೇಕು. ಅದು ನಿಧಾನಕ್ಕೆ ತೆವಳುತ್ತಿತ್ತು. ಮೂವರೂ ನೋಡುತ್ತ ನಿಂತರು. ಕಾಲು ಗಂಟೆಯಾದ ಮೇಲೆ ಗೋಡೆಯ ಹಿಂದೆಲ್ಲೋ ಗುಂಯ್ ಎಂದು ಸದ್ದು ಶುರುವಾಯಿತು. ತಟ್ಟೆ ಬುಗುರಿಯಂತೆ ತಿರುಗತೊಡಗಿತು.

ಲೈನ್‌ಮನ್ ತಂತಿಯ ಜಾಡು ಹಿಡಿದು ಹೋದ. ನಾಲ್ಕೂ ಮಹಡಿಗೆ ನೀರು ಹತ್ತಿಸುವ ಪಂಪು, ಹಗಲೂ ಉರಿಯುವ ಮೆಟ್ಟಿಲ ದೀಪಗಳು, ಮಾಲೀಕರ ಗೇಟಿನ ಮೇಲಿನ ಎರಡು ದೊಡ್ಡ ದೀಪಗಳು, ಎಲ್ಲವೂ ಅಜ್ಜಿಯ ಮೀಟರಿಗೆ ಜೋಡಿಸಿದ್ದವು. ಪಂಪು ಕೂರಿಸಿ ಒಂಬತ್ತು ವರ್ಷವಾಗಿತ್ತು. ಮೀಟರು ಸರಿಯಾಗಿಯೇ ಇತ್ತು. ಅದಕ್ಕೆ ಅಂಟಿಕೊಂಡಿದ್ದ ಕಟ್ಟಡ ಕಳ್ಳ ಕಟ್ಟಡವಾಗಿತ್ತು.

ಅಜ್ಜಿ ಕೋಪಗೊಳ್ಳಬಹುದು, ಅಳಬಹುದು ಎಂದು ಬಿಲ್ಲಮ್ಮನವರು ಕಾದರು. ಅಜ್ಜಿ ಮೆಟ್ಟಿಲ ಮೇಲೆ ಕೂತು, "ಹಾಗಾದ್ರೆ ತಪ್ಪು ನಂದಲ್ವಾ?" ಎಂದರು.

ಒಂಬತ್ತು ವರ್ಷ! ತಾನೇ ದುಂದು ಮಾಡುತ್ತಿದ್ದೇನೆ, ತನಗೇ ಲೆಕ್ಕ ತಿಳಿಯದು, ತನಗೇ ಮರೆವು ಎಂದು ಒಬ್ಬ ಹೆಂಗಸು ಒಂಬತ್ತು ಚಳಿಗಾಲ ಕತ್ತಲಲ್ಲಿ ಕೋಟು ಹೊದ್ದು ಕೂತದ್ದನ್ನು ಯಾವ ಅಂಕಣದಲ್ಲಿ ಬರೆಯೋಣ? ಮೇಲಿನ ಮಹಡಿಯಲ್ಲಿದ್ದ ಮಾಲೀಕರು ಪೀಠೋಪಕರಣದ ವ್ಯಾಪಾರಿ. ವಿಷಯ ತಿಳಿಸಿದಾಗ ಮುಖದ ಒಂದು ಗೆರೆಯೂ ಅಲುಗಿಸದೆ, "ಅಜ್ಜಿಯೂ ನೀರು ಕುಡೀತಾರಲ್ಲ ಮೇಡಂ?" ಎಂದರು. ಬಿಲ್ಲಮ್ಮನವರು ಮಾಲೀಕರಿಗೆ ಏನು ಉತ್ತರ ಕೊಟ್ಟರೆಂಬುದನ್ನು ಲೈನ್‌ಮನ್ ಮೂರು ಬಗೆಯಾಗಿ ಹೇಳುತ್ತಾನೆ. ಮೂರೂ ಅಭಿನಂದನ ಗ್ರಂಥದಲ್ಲಿ ಅಚ್ಚಾಗುವಂಥವಲ್ಲ.

ಮುಂದಿನ ಆರು ಶನಿವಾರ ಅವರು ಅದೇ ಬೀದಿಯಲ್ಲಿ ಮನೆಯಿಂದ ಮನೆಗೆ ಹೋದರು. ಅಜ್ಜಿಯದೂ ಸೇರಿ ಇಂಥ ಹದಿನೇಳು ಮನೆ ಸಿಕ್ಕವು. ಹದಿನೇಳರಲ್ಲೂ ನೆಲಮಟ್ಟದ ಕೋಣೆ, ಒಂಟಿ ಜೀವ, ಸಣ್ಣ ಪಿಂಚಣಿ. ತಂತಿ ಜೋಡಿಸುವವನಿಗೆ ಯಾರ ಮೀಟರಿಗೆ ಜೋಡಿಸಬೇಕೆಂದು ಗೊತ್ತಿತ್ತು. ಯಾರು ಜಗಳಕ್ಕೆ ಬರುವುದಿಲ್ಲವೋ ಅವರದಕ್ಕೆ.

ಹದಿನೇಳು ಮನೆಗಳ ವರದಿಯನ್ನು ಬಿಲ್ಲಮ್ಮನವರು ವಿಭಾಗದ ಮುಖ್ಯಸ್ಥರ ಮೇಜಿನ ಮೇಲಿಟ್ಟರು. ಬಂದದ್ದು ಮೆಮೊ. ಗ್ರಾಹಕರ ಆವರಣವನ್ನು ಅನುಮತಿಯಿಲ್ಲದೆ ಪ್ರವೇಶಿಸಿದ್ದಕ್ಕೆ, ಇಲಾಖೆಯ ಹೊಣೆ ಮೀಟರಿಗೆ ಮುಗಿಯುತ್ತದೆ ಎಂಬ ಮೂಲತತ್ತ್ವವನ್ನು ಮೀರಿದ್ದಕ್ಕೆ, ಕೆಲಸದ ವೇಳೆಯಲ್ಲಿ ಕಿಟಕಿ ಬಿಟ್ಟು ಹೋದದ್ದಕ್ಕೆ ಕಾರಣ ಕೇಳಿ. ಕೊನೆಯ ಆರೋಪ ಹಸಿ ಸುಳ್ಳು. ಅವರು ಹೋದದ್ದೆಲ್ಲ ಶನಿವಾರದ ಬಿಡುವಿನಲ್ಲಿ. ಸುಳ್ಳಿಗೆ ಸಾಕ್ಷಿ ಬೇಕಾಯಿತು. ಒಂದು ಹೇಳಿಕೆಯನ್ನು ಬರೆದು ಕಚೇರಿಯಲ್ಲಿ ಕೈಯಿಂದ ಕೈಗೆ ದಾಟಿಸಿದರು. ಹದಿನಾಲ್ಕು ಜನರಲ್ಲಿ ಒಂಬತ್ತು ಜನ ಸಹಿ ಹಾಕಿದರು. ಒಬ್ಬರಿಗೆ ಮಗಳ ಮದುವೆ, ಒಬ್ಬರಿಗೆ ವರ್ಗಾವಣೆಯ ಭಯ, ಒಬ್ಬರಿಗೆ ಸುಮ್ಮನೆ ತಂಟೆ ಬೇಡ. ಆ ಒಂಬತ್ತರಲ್ಲಿ ಈ ಲೇಖನವನ್ನು ಬರೆಯುತ್ತಿರುವ ಕೈಯೂ ಒಂದು.

ಲೈನ್‌ಮನ್ ಸಹಿ ಹಾಕುವುದಿಲ್ಲ ಎಂದು ಮುಖಕ್ಕೇ ಹೇಳಿದ. ಉಳಿದ ನಾಲ್ವರು ಏನೇನೋ ನೆಪ ಹೇಳಿ ತಪ್ಪಿಸಿಕೊಂಡರು. ಮಾರನೆಯ ದಿನ ಬಿಲ್ಲಮ್ಮನವರು ಎಂದಿನಂತೆ ಬಂದು, ಪಕ್ಕದ ಕಿಟಕಿಯ ಸಹೋದ್ಯೋಗಿಯನ್ನು, ಅಂದರೆ ಈ ಲೇಖನ ಬರೆಯುತ್ತಿರುವವರನ್ನು, ನೋಡಿ, "ಮನೇಲಿ ಎಲ್ಲಾ ಆರಾಮಾ?" ಎಂದಷ್ಟೇ ಕೇಳಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅವರನ್ನು ನೆಲಮಾಳಿಗೆಯ ದಾಖಲೆ ಕೋಣೆಗೆ ಕಳಿಸಿದರು. ಕಿಟಕಿಯಿಲ್ಲದ, ಗೋಡೆ ಒಸರುವ, ಕಡತಗಳ ಕಟ್ಟುಗಳು ಸೂರು ಮುಟ್ಟುವ ಕೋಣೆ. ಹದಿನಾಲ್ಕು ತಿಂಗಳು ಅಲ್ಲಿದ್ದರು. ಮಾಡಲು ಕೆಲಸವಿರಲಿಲ್ಲ. ಅವರು ಓದಿದರು. ಒಂದೊಂದೇ ಕಟ್ಟು ಬಿಚ್ಚಿ, ದೂಳು ಒರೆಸಿ, ಓದಿ, ಮತ್ತೆ ಕಟ್ಟಿದರು. ಐದನೆಯ ತಿಂಗಳಲ್ಲಿ ಅವರ ಕೈಗೆ ಒಂದು ಸುತ್ತೋಲೆ ಸಿಕ್ಕಿತು. ಹದಿನಾರು ವರ್ಷ ಹಳೆಯದು. ಬಹುಮಹಡಿ ಕಟ್ಟಡಗಳ ಪಂಪು, ಮೆಟ್ಟಿಲ ದೀಪ ಮೊದಲಾದವು ಮಾಲೀಕರ ಮೀಟರಿನಲ್ಲೇ ಇರಬೇಕು. ಎರಡು ವರ್ಷಕ್ಕೊಮ್ಮೆ ವಿಭಾಗದ ಸಿಬ್ಬಂದಿಯೇ ಹೋಗಿ ಪರಿಶೀಲಿಸಬೇಕು. ಎಪ್ಪತ್ತು ದಾಟಿದ ಗ್ರಾಹಕರ ಸಂಪರ್ಕವನ್ನು ಮನೆಗೆ ಹೋಗಿ ನೋಡದೆ ಕಡಿಯಕೂಡದು. ಯಾವ ಕೆಲಸಕ್ಕಾಗಿ ಅವರಿಗೆ ಮೆಮೊ ಕೊಟ್ಟರೋ ಆ ಕೆಲಸವನ್ನು ಮಾಡಲೇಬೇಕೆಂದು ಇಲಾಖೆಯೇ ಆಜ್ಞೆ ಹೊರಡಿಸಿತ್ತು. ಕೆಳಗೆ ಐದು ಅಧಿಕಾರಿಗಳ ಐದು ಸಹಿ. ಒಂದೊಂದರ ಪಕ್ಕದಲ್ಲೂ ಒಂದೇ ಷರಾ: 'ನೋಡಿದೆ. ಕಡತಕ್ಕೆ.'

ಅಂದು ನೆಲಮಾಳಿಗೆಯಲ್ಲಿ ಅತ್ತದ್ದಾಗಿ ಅವರು ಹೇಳಿದ್ದಾರೆ. "ದುಃಖಕ್ಕಲ್ಲ ಕಣ್ರೀ, ಹೊಟ್ಟೆ ಉರಿಗೆ. ಇದನ್ನು ಬರೆದ ಪುಣ್ಯಾತ್ಮ ಯಾರೋ ಇದ್ದ. ಅವನ ಮಾತಿನ ಮೇಲೆ ಐದು ಜನ ಸಹಿ ಹಾಕಿ ಮಣ್ಣು ಮುಚ್ಚಿದ್ರಲ್ಲ."

ಸುತ್ತೋಲೆ ಗುಟ್ಟಿನ ಕಾಗದವಲ್ಲ. ಸಂಖ್ಯೆ ಹೇಳಿ ಕೇಳಿದ ಯಾವ ನಾಗರಿಕರಿಗೂ ಅದರ ನಕಲು ಕೊಡಬೇಕು. ಸಂಖ್ಯೆ ಗೊತ್ತಿರಬೇಕಷ್ಟೆ. ಮುಂದಿನ ಮೂರು ವಾರಗಳಲ್ಲಿ ನಡೆದದ್ದನ್ನು ಕಂಡವರು ಯಾರೂ ಮರೆತಿಲ್ಲ. ಮೊದಲ ದಿನ ಇಬ್ಬರು, ಎರಡನೆಯ ದಿನ ಒಂಬತ್ತು, ಆಮೇಲೆ ಸಾಲು. ಊರುಗೋಲು, ದಪ್ಪ ಕನ್ನಡಕ, ಕೈಚೀಲ. ಒಟ್ಟು ಅರವತ್ತೆರಡು ಹಿರಿಯರು ಬಂದು, ಅರವತ್ತೆರಡು ಚೀಟಿ ಚಾಚಿ, ಹದಿನಾರು ವರ್ಷದ ಹಿಂದಿನ ಅದೇ ಸುತ್ತೋಲೆಯ ಅದೇ ಸಂಖ್ಯೆಯನ್ನು ತಪ್ಪಿಲ್ಲದೆ ಹೇಳಿದರು. ಹೊಲಿಗೆಯಜ್ಜಿ ಅದನ್ನು ಬಾಯಿಪಾಠ ಮಾಡಿಕೊಂಡಿದ್ದರು, ಚೀಟಿಯನ್ನೂ ತಂದಿರಲಿಲ್ಲ. ಮುಖ್ಯಸ್ಥರು ನೆಲಮಾಳಿಗೆಗೆ ಇಳಿದು ಬಂದರು.

"ಇವರಿಗೆಲ್ಲ ಈ ನಂಬರು ಹೇಳಿಕೊಟ್ಟಿದ್ದು ಯಾರು?"

"ಕಡತಗಳ ಜೊತೆ ನನ್ನನ್ನ ಕೂರಿಸಿದ್ದು ತಾವೇ ಅಲ್ವಾ ಸರ್? ಓದಬಾರದು ಅಂತ ಆದೇಶದಲ್ಲಿ ಇರಲಿಲ್ಲ."

ಆ ಸುತ್ತೋಲೆ ದರ ನಿಯಂತ್ರಣ ಮಂಡಳಿಯ ಸಾರ್ವಜನಿಕ ವಿಚಾರಣೆಗೆ ಹೋಯಿತು. ನೌಕರರು ಇಲಾಖೆಯ ವಿರುದ್ಧ ಹೇಳಿಕೆ ಕೊಡುವಂತಿಲ್ಲವಾದ್ದರಿಂದ ಬಿಲ್ಲಮ್ಮನವರು ಕೊನೆಯ ಸಾಲಿನಲ್ಲಿ ಬಾಯಿ ಮುಚ್ಚಿ ಕೂತರು. ಮಾತಾಡಿದವರು ಹೊಲಿಗೆಯಜ್ಜಿ. ದಾರದಲ್ಲಿ ಪೋಣಿಸಿದ ಒಂಬತ್ತು ವರ್ಷದ ರಸೀದಿಗಳನ್ನು ಮೇಜಿನ ಮೇಲಿಟ್ಟು, "ಒಂಬತ್ತು ವರ್ಷ ನಾಲ್ಕು ಮಹಡಿಗೆ ನೀರು ಹತ್ತಿಸಿದ್ದು ನಾನು. ಒಬ್ಬರೂ ಒಂದು ದಿನ ಹೇಗಿದೀರಿ ಅಂತ ಕೇಳಲಿಲ್ಲ. ಮರೆವು ಅಂತ ಬರೆದ್ರು ನನಗೆ. ಇದರಲ್ಲಿ ಒಂದಾದ್ರೂ ರಸೀದಿ ಮರೆತಿದೀನಾ ನೋಡಿ" ಎಂದರು. ಇಲಾಖೆಯ ವಕೀಲರು ತಮ್ಮ ಕಾಗದಗಳನ್ನು ಅತ್ತಿಂದಿತ್ತ ಜೋಡಿಸಿದರು.

ತೀರ್ಪು ಅಜ್ಜಿಯ ಪರವಾಗಿಯೇ ಬಂತು. ಹದಿನೇಳೂ ಮನೆಗಳ ತಂತಿ ಬಿಡಿಸಬೇಕು, ಮಾಲೀಕರು ಹಣ ಮರಳಿಸಬೇಕು, ಸುತ್ತೋಲೆ ಜಾರಿಯಾಗಬೇಕು, ರಿಯಾಯಿತಿಯ ಹನ್ನೊಂದು ಪುಟದ ಅರ್ಜಿ ಎರಡು ಪುಟಕ್ಕೆ ಇಳಿಯಬೇಕು. ಆದರೆ ಮೂರು ವರ್ಷಕ್ಕಿಂತ ಹಿಂದಿನ ಹಣವನ್ನು ಕೇಳಲು ಅವಧಿ ಮೀರಿದೆಯಂತೆ! ಕಸಿದವನಿಗೆ ಆರು ವರ್ಷ ಮಾಫಿ. ಕಳೆದುಕೊಂಡವರು ಇನ್ನೂ ಬೇಗ ಯಾಕೆ ತಿಳಿದುಕೊಳ್ಳಲಿಲ್ಲ ಎಂಬುದೇ ಕಾನೂನಿನ ಆಕ್ಷೇಪ. ತಿಳಿಯದ ಹಾಗೆ ಮಾಡಿದವರು ಎದುರಿನ ಮೇಜಿನಲ್ಲೇ ಕೂತಿದ್ದರಲ್ಲ, ಅವರನ್ನು ಯಾರೂ ಏನೂ ಕೇಳಲಿಲ್ಲ.

ಮರುವರ್ಷ ನಮ್ಮ ಇಲಾಖೆಗೆ 'ಹಿರಿಯ ಸ್ನೇಹಿ ಸಂಸ್ಥೆ' ಎಂಬ ಪ್ರಶಸ್ತಿ ಬಂತು. ವೇದಿಕೆ ಹತ್ತಿ ಫಲಕ ಸ್ವೀಕರಿಸಿದವರು ಮೆಮೊ ಕೊಟ್ಟ ಮುಖ್ಯಸ್ಥರೇ. ಎರಡು ಪುಟದ ಅರ್ಜಿಯನ್ನು ತಮ್ಮ ಕನಸೆಂದು ಅವರು ಬಣ್ಣಿಸುವಾಗ ಬಿಲ್ಲಮ್ಮನವರು ಸಭಾಂಗಣದ ಹಿಂಬಾಗಿಲಲ್ಲಿ ನಿಂತು, ಬಂದಿದ್ದ ಹಿರಿಯರಿಗೆ ಶೌಚಾಲಯದ ದಾರಿ ತೋರಿಸುತ್ತಿದ್ದರು. ಅವರನ್ನು ಮೂರನೆಯ ಕಿಟಕಿಗೆ ಮರಳಿಸಿದರು, ಅಷ್ಟೇ. ಮೆಮೊ ರದ್ದಾಗಲಿಲ್ಲ. ಅದು ಸೇವಾ ಪುಸ್ತಕದಲ್ಲಿ ಉಳಿದದ್ದರಿಂದ ಮೂರು ಸಲ ಬಡ್ತಿ ತಪ್ಪಿತು. ಅವರ ಕೈಕೆಳಗೆ ಕೆಲಸ ಕಲಿತವರು ಮೇಲ್ವಿಚಾರಕರಾಗಿ ಅವರ ರಜೆಯ ಅರ್ಜಿಗೆ ಸಹಿ ಹಾಕಿದರು.

ಹೊಲಿಗೆಯಜ್ಜಿ ಮರಳಿ ಬಂದ ಹಣದಲ್ಲಿ ಒಂದು ಹೀಟರನ್ನೂ, ಹೊಲಿಗೆ ಯಂತ್ರದ ಮೇಲೆ ಬಾಗುವ ಒಂದು ದೀಪವನ್ನೂ ಕೊಂಡರು. ಆಮೇಲೆ ಏಳು ಚಳಿಗಾಲ ಬದುಕಿದರು. ಬಿಲ್ಲಮ್ಮನವರು ತಿಂಗಳಿಗೊಮ್ಮೆ ಹೋದಾಗ ಅಜ್ಜಿ ಎಲ್ಲ ದೀಪ ಹಚ್ಚಿ ಕೂತಿರುತ್ತಿದ್ದರಂತೆ. "ಆರಿಸಬೇಡ ತಾಯಿ, ಇದು ನಂದೇ" ಎನ್ನುತ್ತಿದ್ದರಂತೆ.

ಈ ಗ್ರಂಥದ ನೆಪದಲ್ಲಿ ಒಂದು ಮಾತನ್ನು ದಾಖಲಿಸಬೇಕು. ಹನ್ನೆರಡು ವರ್ಷದ ಹಿಂದೆ ನಾವು ಸಹಿ ಹಾಕಿದ ಹೇಳಿಕೆ ಸುಳ್ಳು. ಬಿಲ್ಲಮ್ಮನವರು ಕೆಲಸದ ವೇಳೆಯಲ್ಲಿ ಒಂದು ದಿನವೂ ಕಿಟಕಿ ಬಿಟ್ಟು ಹೋಗಿರಲಿಲ್ಲ. ಒಂಬತ್ತು ಜನರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಉಳಿದ ಏಳು ಜನ ಇದನ್ನು ಬರೆದು, ಸಹಿ ಮಾಡಿ, ಕಳೆದ ವಾರ ಇಲಾಖೆಗೆ ಕೊಟ್ಟಿದ್ದೇವೆ. ಮೆಮೊ ರದ್ದು ಮಾಡಿ, ತಪ್ಪಿದ ಬಡ್ತಿಯನ್ನು ಲೆಕ್ಕಕ್ಕೆ ಹಿಡಿದು ಪಿಂಚಣಿ ನಿಗದಿ ಮಾಡಬೇಕೆಂದು ಕೇಳಿದ್ದೇವೆ. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡಿದ್ದೇವೆ. 'ನೋಡಿದೆ, ಕಡತಕ್ಕೆ' ಎಂದು ಬರೆಯಲು ಈ ಸಲ ಬಿಡುವುದಿಲ್ಲ. ಪ್ರತಿ ಸೋಮವಾರ ಒಬ್ಬರಂತೆ ಹೋಗಿ ಕೇಳುವುದೆಂದು ಗೊತ್ತುಮಾಡಿಕೊಂಡಿದ್ದೇವೆ. ಇಷ್ಟು ತಡವಾಗಿ ಬಂದ ಧೈರ್ಯಕ್ಕೆ ಯಾರೂ ಚಪ್ಪಾಳೆ ತಟ್ಟುವುದು ಬೇಡ.

ವಿಷಯ ತಿಳಿಸಿದಾಗ ಬಿಲ್ಲಮ್ಮನವರು, "ಏಳು ಜನ ಅಂದ್ರಾ? ಒಳ್ಳೇದಾಯ್ತು. ನನಗೆ ಏಳು ಜನ ಬೇಕಾಗಿತ್ತು" ಎಂದರು. ನಿವೃತ್ತಿಯ ಮುಂದಿನ ವಾರದಿಂದ ಔಷಧದ ಅಂಗಡಿಯ ಹಿಂದಿನ ಕೋಣೆಯಲ್ಲಿ, ವಾರಕ್ಕೆ ಮೂರು ಬೆಳಗ್ಗೆ, ಹಿರಿಯರ ಬಿಲ್ಲುಗಳನ್ನು ನೋಡಿಕೊಡಲು ಅವರು ಕೂರುತ್ತಾರೆ. ಅಂಗಡಿಯವರು ಬಾಡಿಗೆ ಬೇಡವೆಂದಿದ್ದಾರೆ. ನೀರಿನ ಬಿಲ್ಲಿಗೆ ಇಬ್ಬರು, ಗ್ಯಾಸಿಗೆ ಇಬ್ಬರು, ಮನೆ ಮನೆಗೆ ಹೋಗಲು ಮೂವರು ಎಂದು ನಮ್ಮನ್ನು ಅಲ್ಲೇ ನಿಂತು ಹಂಚಿಬಿಟ್ಟರು. ನಮ್ಮ ಒಪ್ಪಿಗೆ ಕೇಳುವ ತೊಂದರೆ ತೆಗೆದುಕೊಳ್ಳಲಿಲ್ಲ.

ಹಿರಿಯರಿಗೆ ದೀರ್ಘಾಯುಷ್ಯವನ್ನು ಹಾರೈಸಿ ಲೇಖನಿ ಕೆಳಗಿಡುವುದು ಇಂಥ ಬರಹದ ಮರ್ಯಾದೆ. ಹಾರೈಸಲು ಹೊರಟರೆ ಸಿಟ್ಟೇ ಬರುತ್ತದೆ. ಇಷ್ಟು ಜನರ ಮನೆ ಬೆಳಗಿದವರಿಗೆ ನಾವು ಕೊಟ್ಟು ಕಳಿಸುತ್ತಿರುವ ಪಿಂಚಣಿ ಎಷ್ಟೆಂದರೆ, ಅರವತ್ತೈದು ತುಂಬಿದ ದಿನ ಅವರೂ ಬಡ ಹಿರಿಯರ ರಿಯಾಯಿತಿಗೆ ಅರ್ಹರು. ಮೂವತ್ತನಾಲ್ಕು ವರ್ಷದ ಸೇವೆಗೆ ಇಲಾಖೆ ಕೊಟ್ಟ ಅರ್ಹತಾ ಪತ್ರ ಅದು. ಬಿಲ್ಲಮ್ಮನವರು ನೂರು ವರ್ಷ ಬಾಳಲಿ, ನೂರು ವರ್ಷವೂ ಬೆಚ್ಚಗೆ ಬಾಳಲಿ, ಅವರ ಮಾತು ಇಂದಿನಷ್ಟೇ ಹರಿತವಾಗಿರಲಿ. 'ಬಹಳ ಕಾಲ ಬದುಕಿ' ಎಂದು ಒಬ್ಬರಿಗೆ ಹಾರೈಸುವುದು ಅವರಿಗೆ ಇನ್ನಷ್ಟು ಬಿಲ್ಲು ಹಾರೈಸಿದಂತೆ ಆಗದ ಕಾಲವನ್ನು ಅವರು ಕಣ್ಣಾರೆ ಕಾಣಲಿ.

ಇದನ್ನು ಅವರಿಗೆ ಓದಿ ತೋರಿಸಿದಾಗ ರಿಯಾಯಿತಿಯ ಮಾತಿಗೆ ಅವರು ನಕ್ಕುಬಿಟ್ಟರು.

"ಅದಕ್ಕೆ ಯಾಕೆ ಅಷ್ಟು ಬೇಜಾರು ಮಾಡ್ಕೋತೀರಿ? ಅರ್ಜಿ ತುಂಬಿಸಿ ಇಟ್ಟಾಗಿದೆ. ಇನ್ನು ಏಳು ವರ್ಷ ಬದುಕೋದೊಂದು ಬಾಕಿ."